ಪ್ರಶ್ನೆಯೇ ತಪ್ಪಾದರೆ…

ನಾನು ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳುತ್ತಿದ್ದ ಕಾಲದಲ್ಲಿ ಒಂದು ಅಭ್ಯಾಸವನ್ನು ಇಟ್ಟುಕೊಂಡಿದ್ದೆ. ಉತ್ತರಪತ್ರಿಕೆಗಳನ್ನು ತಿದ್ದಿ ಮುಗಿಸಿದ ಮೇಲೆ ನಾನೇ ತಯಾರಿಸಿದ ಪ್ರಶ್ನೆಪತ್ರಿಕೆಯನ್ನು ಎದುರಿಗಿಟ್ಟುಕೊಂಡು ಇನ್ನೊಮ್ಮೆ ಓದುತ್ತಿದ್ದೆ. ತರಗತಿಯ 40 ಮಕ್ಕಳಲ್ಲಿ 35 ಮಂದಿ ಒಂದೇ ಪ್ರಶ್ನೆಗೆ ಅಡ್ಡಾದಿಡ್ಡಿ ಉತ್ತರ ಬರೆದಿದ್ದರೆ ತಪ್ಪು ಮಕ್ಕಳದಲ್ಲ, ಪ್ರಶ್ನೆ ಕೇಳಿದವನದು. ಅಂಥ ಪ್ರಶ್ನೆಯ ಅಂಕಗಳನ್ನು ಎಲ್ಲರಿಗೂ ಕೊಟ್ಟುಬಿಡುತ್ತಿದ್ದೆ. ಈ ಬರಹವನ್ನು ಓದುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಆ ಪುಣ್ಯದಿಂದಲೇ ತೇರ್ಗಡೆಯಾದವರೆಂಬುದನ್ನು ಇಲ್ಲಿ ಬಹಿರಂಗಪಡಿಸುವುದಿಲ್ಲ!

ಆದರೆ ಶಾಲೆಯ ಹೊರಗೆ, ನನ್ನ ಮನೆಯೊಳಗೇ, ಒಂದು ತಪ್ಪು ಪ್ರಶ್ನೆಗೆ ನಾನೇ ಮಧ್ಯಸ್ಥನಾದೆ. ಅದಕ್ಕೆ ತೆತ್ತ ಬೆಲೆ ದೊಡ್ಡದು. ಆ ಘಟನೆ ಇಂದಿಗೂ ನನ್ನನ್ನು ಕಾಡುವುದರಿಂದ ನಿವೃತ್ತಿಯ ನಂತರ ಈ ವಿಷಯದ ಇತಿಹಾಸವನ್ನು ಓದತೊಡಗಿದೆ. ಓದಿದ್ದನ್ನು ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ನಮ್ಮ ಸೋದರತ್ತೆ ಗಂಡನನ್ನು ಕಳೆದುಕೊಂಡ ಮೇಲೆ ನಮ್ಮ ಮನೆಯಲ್ಲಿಯೇ ಇದ್ದರು. ಬಂಧುಗಳಲ್ಲಿ ಹಿರಿಯರಿಗೆ ಅವರ ನೆನಪಿದ್ದೀತು. ಬಂದ ಒಂದೆರಡು ವರ್ಷಗಳಲ್ಲಿ ಅವರಿಗೆ ಎದೆಯುರಿ ಶುರುವಾಯಿತು. ‘ಎದೆಯೊಳಗೆ ಕೆಂಡ ಇಟ್ಟ ಹಾಗೆ ಆಗುತ್ತದೆ, ಹೊಟ್ಟೆಯಲ್ಲಿ ಸಂಕಟ, ಕೈಕಾಲು ನನ್ನವೇ ಅಲ್ಲವೇನೋ ಅನ್ನಿಸುತ್ತದೆ’ ಎನ್ನುತ್ತಿದ್ದರು. ಪೇಟೆಯ ವೈದ್ಯರಲ್ಲಿಗೆ ನಾನೇ ಕರೆದುಕೊಂಡು ಹೋದೆ. ಅವರು ಎಲ್ಲ ಪರೀಕ್ಷೆಗಳನ್ನೂ ಮಾಡಿ, ಕೊನೆಯಲ್ಲಿ ನನ್ನ ಕಡೆಗೆ ತಿರುಗಿ, ‘ಇವರಿಗೆ ಖಿನ್ನತೆ ಏನಾದರೂ ಇದೆಯೇ, ಕೇಳಿ’ ಎಂದರು. ಅತ್ತೆ ನನ್ನ ಮುಖ ನೋಡಿ, ‘ಖಿನ್ನತೆ ಅಂದರೆ ಏನೋ ಮಗಾ?’ ಎಂದರು. ಕನ್ನಡ ಪಂಡಿತನಾದ ನಾನು, ‘ದುಃಖ, ಅತ್ತೆ’ ಎಂದೆ. ‘ದುಃಖ ಯಾರಿಗಿಲ್ಲ? ಅದನ್ನು ಡಾಕ್ಟರ ಮುಂದೆ ಹೇಳುತ್ತಾರೇನೋ? ಇಲ್ಲ ಅನ್ನು’ ಎಂದರು. ನಾನು ‘ಇಲ್ಲ’ ಎಂದೆ. ವೈದ್ಯರು ಹಾಗೆಯೇ ಬರೆದುಕೊಂಡರು.

ಆ ಒಂದು ‘ಇಲ್ಲ’ದಿಂದ ಎರಡು ವರ್ಷ ಕಳೆದುಹೋಯಿತು. ವಾಯುವಿನ ಮಾತ್ರೆ, ಬಲವರ್ಧಕ ಟಾನಿಕ್ಕು, ಎಕ್ಸ್‌ರೇ, ಪಥ್ಯ, ಹರಕೆ ಎಲ್ಲವೂ ಆದವು. ಅತ್ತೆ ಕಡ್ಡಿಯಂತಾದರು. ಆ ಕಥೆಯ ಕೊನೆಯನ್ನು ಲೇಖನದ ಕೊನೆಯಲ್ಲಿ ಹೇಳುತ್ತೇನೆ. ಈಗ ವಿಷಯಕ್ಕೆ ಬರೋಣ.

ಜ್ವರಕ್ಕೆ ಥರ್ಮಾಮೀಟರ್ ಇದೆ, ರಕ್ತದೊತ್ತಡಕ್ಕೆ ಯಂತ್ರವಿದೆ. ಮನಸ್ಸಿನ ಕಾಯಿಲೆಯನ್ನು ಅಳೆಯಲು ಇಂದಿಗೂ ಮುಖ್ಯ ಸಾಧನವೆಂದರೆ ಮಾತು. ವೈದ್ಯ ಕೇಳಬೇಕು, ರೋಗಿ ಹೇಳಬೇಕು. ಇಬ್ಬರೂ ಒಂದೇ ಊರಿನವರಾದರೆ ಕಷ್ಟ ಕಡಿಮೆ. ಪ್ರಶ್ನೆ ಒಂದು ಸಂಸ್ಕೃತಿಯಲ್ಲಿ ಹುಟ್ಟಿ, ಉತ್ತರ ಇನ್ನೊಂದು ಸಂಸ್ಕೃತಿಯಿಂದ ಬರಬೇಕಾದಾಗ ಏನಾಗುತ್ತದೆ? ಕಳೆದ ಶತಮಾನದ ಮನೋವೈದ್ಯಶಾಸ್ತ್ರ ಈ ಒಂದು ಸಮಸ್ಯೆಯೊಡನೆ ನಡೆಸಿದ ಗುದ್ದಾಟ ಬಹಳ ಬೋಧಪ್ರದವಾಗಿದೆ.

ಆಧುನಿಕ ಮನೋರೋಗ ವರ್ಗೀಕರಣಕ್ಕೆ ತಳಹದಿ ಹಾಕಿದ ಜರ್ಮನಿಯ ಎಮಿಲ್ ಕ್ರೇಪಲಿನ್ 1904ರಲ್ಲಿ ಜಾವಾ ದ್ವೀಪಕ್ಕೆ ಹೋದನು. ತಾನು ಯೂರೋಪಿನಲ್ಲಿ ಗುರುತಿಸಿದ ಕಾಯಿಲೆಗಳು ಬೇರೆ ಜನರಲ್ಲಿಯೂ ಇವೆಯೇ ಎಂದು ನೋಡುವುದು ಅವನ ಉದ್ದೇಶ. ಇಂದು ಬೋಗೋರ್ ಎಂದು ಕರೆಯಲಾಗುವ ಬೈಟೆನ್‌ಝೋರ್ಗ್‌ನ ಮಾನಸಿಕ ಆಸ್ಪತ್ರೆಯಲ್ಲಿ ರೋಗಿಗಳನ್ನು ಪರೀಕ್ಷಿಸಿದನು. ಇಂದು ನಾವು ಸ್ಕಿಜೋಫ್ರೇನಿಯಾ ಎನ್ನುವ ಕಾಯಿಲೆ ಅಲ್ಲಿಯೂ ಕಂಡಿತು. ಆದರೆ ಖಿನ್ನತೆ ವಿರಳ, ಇದ್ದರೂ ಸೌಮ್ಯ, ಯೂರೋಪಿನ ರೋಗಿಗಳಲ್ಲಿ ಸಾಮಾನ್ಯವಾದ ‘ನಾನು ಪಾಪಿ’ ಎಂಬ ಭಾವ ಇವರಲ್ಲಿ ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆ ಎಂದು ಬರೆದನು. ಸಂಸ್ಕೃತಿಗಳನ್ನು ಹೋಲಿಸಿ ನೋಡುವ ಮನೋವೈದ್ಯಶಾಸ್ತ್ರವೊಂದು ಬೇಕು ಎಂದು ಹೇಳಿದವರಲ್ಲಿ ಅವನು ಮೊದಲಿಗ. ಆ ಕೀರ್ತಿ ಅವನಿಗೆ ಸಲ್ಲಬೇಕು. ಆದರೆ ಅವನ ಅಳತೆಗೋಲು ಯೂರೋಪಿನದು. ಪಾಪಭೀತಿಯ ರೂಪದಲ್ಲಿ ಬರುವ ಖಿನ್ನತೆಯನ್ನು ಹುಡುಕುವವನಿಗೆ ಬೇರೆ ರೂಪದಲ್ಲಿ ಬರುವ ಖಿನ್ನತೆ ಕಾಣಿಸೀತೇ ಎಂಬ ಪ್ರಶ್ನೆ ಉಳಿದುಬಿಟ್ಟಿತು.

ಅಳತೆಗೋಲಿನೊಡನೆ ಆಳುವವನ ಅಹಂಕಾರವೂ ಸೇರಿದರೆ ಏನಾಗುತ್ತದೆಂಬುದಕ್ಕೆ ಕೀನ್ಯಾದಲ್ಲಿ ಕೆಲಸ ಮಾಡಿದ ಜೆ.ಸಿ. ಕ್ಯಾರದರ್ಸ್ ಎಂಬ ಬ್ರಿಟಿಷ್ ವೈದ್ಯರೇ ಉದಾಹರಣೆ. 1953ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಪ್ರಕಟಿಸಿದ ತಮ್ಮ ಪ್ರಬಂಧದಲ್ಲಿ ಅವರು ಆಫ್ರಿಕನ್ನರಲ್ಲಿ ಖಿನ್ನತೆ ಅಪರೂಪವೆಂದರು. ಅಷ್ಟಕ್ಕೇ ನಿಲ್ಲದೆ, ಆಫ್ರಿಕನ್ನರು ಮಿದುಳಿನ ಮುಂಭಾಗವನ್ನು ಹೆಚ್ಚು ಬಳಸುವುದಿಲ್ಲವೆಂಬ ವಾದವನ್ನೂ ಮಂಡಿಸಿದರು. ದುಃಖಪಡುವುದಕ್ಕೂ ಒಂದು ಯೋಗ್ಯತೆ ಬೇಕು, ಅದು ಬಿಳಿಯರಿಗೆ ಮಾತ್ರ ಇದೆ ಎಂಬಂಥ ಧ್ವನಿ ಆ ಬರಹದಲ್ಲಿತ್ತು.

ಇದಕ್ಕೆ ಉತ್ತರ ಆಫ್ರಿಕದ ನೆಲದಿಂದಲೇ ಬಂದಿತು. ನೈಜೀರಿಯಾದ ಥಾಮಸ್ ಅಡೆಯೋಯೆ ಲ್ಯಾಂಬೋ ಪಾಶ್ಚಾತ್ಯ ತರಬೇತಿ ಪಡೆದು ಸ್ವದೇಶಕ್ಕೆ ಮರಳಿದ ಮನೋವೈದ್ಯರು. 1954ರಿಂದ ಅಬೆಯೋಕುಟ ನಗರದ ಬಳಿಯ ಆರೋ ಆಸ್ಪತ್ರೆಯಲ್ಲಿ ಹೊಸ ಪದ್ಧತಿಯೊಂದನ್ನು ರೂಢಿಗೆ ತಂದರು. ರೋಗಿಗಳು ತಮ್ಮ ಬಂಧುವೊಬ್ಬರೊಡನೆ ಸುತ್ತಲಿನ ಹಳ್ಳಿಯ ಮನೆಗಳಲ್ಲಿ ಇದ್ದುಕೊಂಡು ಆಸ್ಪತ್ರೆಗೆ ಬಂದು ಚಿಕಿತ್ಸೆ ಪಡೆಯುತ್ತಿದ್ದರು. ನಾಟಿ ವೈದ್ಯರನ್ನೂ ಅವರು ದೂರವಿಡಲಿಲ್ಲ. 1961ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಅಲೆಗ್ಸಾಂಡರ್ ಲೇಟನ್ ಅವರ ತಂಡವೂ ಲ್ಯಾಂಬೋ ಅವರೂ ಕೂಡಿ ಯೊರುಬಾ ಜನರ ನಡುವೆ ಸಮೀಕ್ಷೆ ನಡೆಸಿದರು. ಅದರ ವರದಿ 1963ರಲ್ಲಿ ಪ್ರಕಟವಾಯಿತು. ಯೊರುಬಾ ಭಾಷೆಯಲ್ಲಿ ಖಿನ್ನತೆಗೆ ಸಮನಾದ ಒಂದು ರೋಗನಾಮ ದೊರೆಯಲಿಲ್ಲ. ಆದರೆ ನಿದ್ದೆ ಬಾರದಿರುವುದು, ಊಟ ಸೇರದಿರುವುದು, ಅಳು ನಿಲ್ಲದಿರುವುದು ಹೀಗೆ ಅದರ ಬಿಡಿ ಲಕ್ಷಣಗಳೆಲ್ಲ ಅಲ್ಲಿನ ಜನರಿಗೆ ಚೆನ್ನಾಗಿ ಗೊತ್ತಿದ್ದವು. ಬಿಡಿಬಿಡಿಯಾಗಿ ಕೇಳಿದಾಗ ‘ಹೌದು’ ಎಂದವರು ಕಡಿಮೆಯಿರಲಿಲ್ಲ. ಹೆಸರಿಲ್ಲವೆಂದ ಮಾತ್ರಕ್ಕೆ ನೋವಿಲ್ಲವೆಂದಲ್ಲ. ಇದನ್ನು ಓದಿದಾಗ ಪುಸ್ತಕವನ್ನು ಮುಚ್ಚಿ ಸ್ವಲ್ಪ ಹೊತ್ತು ಕುಳಿತುಬಿಟ್ಟೆ. ನಮ್ಮ ಅತ್ತೆಗೂ ಹೆಸರು ಗೊತ್ತಿರಲಿಲ್ಲ, ಅಷ್ಟೇ.

ಹಾಗಾದರೆ ತೊಡಕು ಬಡದೇಶಗಳಲ್ಲಿ ಮಾತ್ರವೇ? ಇಂಗ್ಲಿಷನ್ನೇ ಆಡುವ ಎರಡು ದೇಶಗಳ ಕಥೆಯನ್ನು ಕೇಳಿ. 1960ರ ಸುಮಾರಿಗೆ ಅಮೆರಿಕದ ಮಾನಸಿಕ ಆಸ್ಪತ್ರೆಗಳ ಅಂಕಿಅಂಶಗಳಲ್ಲಿ ಸ್ಕಿಜೋಫ್ರೇನಿಯಾ ಬಹಳ ಹೆಚ್ಚು, ಉನ್ಮಾದ-ಖಿನ್ನತೆಯ ಕಾಯಿಲೆ ಬಹಳ ಕಡಿಮೆ. ಇಂಗ್ಲೆಂಡಿನಲ್ಲಿ ಇದರ ತಿರುಗುಮುರುಗು. ಅಟ್ಲಾಂಟಿಕ್ ಸಾಗರವನ್ನು ದಾಟುತ್ತಿದ್ದಂತೆ ಮನುಷ್ಯನ ಮನಸ್ಸು ಬದಲಾಗುತ್ತದೆಯೇ? ಇದನ್ನು ಪರೀಕ್ಷಿಸಲು ಎರಡೂ ದೇಶಗಳ ತಜ್ಞರು ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಆಸ್ಪತ್ರೆ ಮತ್ತು ಲಂಡನ್ನಿನ ಸಮೀಪದ ನೆದರ್ನ್ ಆಸ್ಪತ್ರೆ ಇವುಗಳಿಗೆ ಹೊಸದಾಗಿ ಸೇರಿದ ತಲಾ 250 ರೋಗಿಗಳನ್ನು ಒಂದೇ ಬಗೆಯ ಪ್ರಶ್ನಾವಳಿಯಿಂದ ಸಂದರ್ಶಿಸಿದರು. ಹಾಗೆ ಮಾಡಿದಾಗ ಎರಡೂ ಊರುಗಳ ನಡುವಿನ ವ್ಯತ್ಯಾಸ ಬಹುಮಟ್ಟಿಗೆ ಕರಗಿಹೋಯಿತು. 1972ರಲ್ಲಿ ಪುಸ್ತಕವಾಗಿ ಬಂದ ಈ ಅಧ್ಯಯನದ ಸಾರ ಇಷ್ಟೇ: ವ್ಯತ್ಯಾಸವಿದ್ದದ್ದು ರೋಗಿಗಳಲ್ಲಿ ಅಲ್ಲ, ವೈದ್ಯರಲ್ಲಿ.

ಇದರ ಜೊತೆಗೇ ನಡೆದ ಇನ್ನೊಂದು ಪ್ರಯೋಗ 1971ರಲ್ಲಿ ಪ್ರಕಟವಾಯಿತು. ಕೆಲವು ರೋಗಿಗಳ ಸಂದರ್ಶನವನ್ನು ಚಿತ್ರೀಕರಿಸಿ ಅದನ್ನೇ ಎರಡೂ ದೇಶಗಳ ಮನೋವೈದ್ಯರಿಗೆ ತೋರಿಸಲಾಯಿತು. ಆ ರೋಗಿಗಳಲ್ಲಿ ಒಬ್ಬನಿಗೆ ಸ್ಕಿಜೋಫ್ರೇನಿಯಾ ಇದೆಯೆಂದವರು ಅಮೆರಿಕದವರಲ್ಲಿ ಶೇಕಡಾ 69, ಬ್ರಿಟಿಷರಲ್ಲಿ ಶೇಕಡಾ 2! ಒಂದೇ ಉತ್ತರಪತ್ರಿಕೆಯನ್ನು ಇಬ್ಬರು ಮೌಲ್ಯಮಾಪಕರು ತಿದ್ದಿ, ಒಬ್ಬರು ಉತ್ತೀರ್ಣ, ಇನ್ನೊಬ್ಬರು ಅನುತ್ತೀರ್ಣ ಎಂದಂತಾಯಿತು. ಸಂಸ್ಕೃತಿಯೆಂದರೆ ರೋಗಿಗೆ ಮಾತ್ರ ಅಂಟಿದ ವಸ್ತುವೆಂದು ನಾವು ತಿಳಿಯುತ್ತೇವೆ. ಬಿಳಿಯ ಕೋಟು ತೊಟ್ಟವರಿಗೂ ಸಂಸ್ಕೃತಿಯಿದೆಯೆಂಬುದು ಈ ಪ್ರಯೋಗದಿಂದ ಸ್ಪಷ್ಟವಾಯಿತು.

ಈ ಪಾಠದ ಬಲದಿಂದ ವಿಶ್ವ ಆರೋಗ್ಯ ಸಂಸ್ಥೆ ದೊಡ್ಡ ಸಾಹಸವೊಂದಕ್ಕೆ ಕೈಹಾಕಿತು. 1960ರ ದಶಕದ ಉತ್ತರಾರ್ಧದಲ್ಲಿ ಆರಂಭವಾಗಿ 1973ರಲ್ಲಿ ಮೊದಲ ವರದಿ ಹೊರಬಂದ ಸ್ಕಿಜೋಫ್ರೇನಿಯಾದ ಅಂತರರಾಷ್ಟ್ರೀಯ ಅಧ್ಯಯನವದು. ಒಂಬತ್ತು ಕೇಂದ್ರಗಳು: ಡೆನ್ಮಾರ್ಕಿನ ಆರ್ಹುಸ್, ಕೊಲಂಬಿಯಾದ ಕಾಲಿ, ನೈಜೀರಿಯಾದ ಇಬಾದಾನ್, ಲಂಡನ್, ಮಾಸ್ಕೋ, ಪ್ರಾಗ್, ತೈಪೆ, ವಾಷಿಂಗ್ಟನ್ ಮತ್ತು ನಮ್ಮ ಆಗ್ರಾ. ಒಟ್ಟು 1202 ರೋಗಿಗಳು. ಲಂಡನ್ನಿನ ಜಾನ್ ವಿಂಗ್ ಮತ್ತು ಸಂಗಡಿಗರು ರೂಪಿಸಿದ್ದ ಪ್ರಶ್ನಾವಳಿಯನ್ನು ಹಿಂದಿ, ಯೊರುಬಾ, ಚೀನೀ ಸೇರಿದಂತೆ ಏಳು ಭಾಷೆಗಳಿಗೆ ಅನುವಾದಿಸಲಾಯಿತು. ಇಂಥ ಕೆಲಸದಲ್ಲಿ ಅನುವಾದ ಸರಿಯಿದೆಯೇ ಎಂದು ತಿಳಿಯಲು ಅದನ್ನು ಬೇರೊಬ್ಬರಿಂದ ಮರಳಿ ಇಂಗ್ಲಿಷಿಗೆ ತಿರುಗಿಸಿ, ಮೂಲದೊಡನೆ ತಾಳೆ ನೋಡುವ ಕ್ರಮವಿದೆ. ಭಾಷಾಂತರ ಪಾಠ ಮಾಡಿದ ನನಗೆ ಈ ಕ್ರಮ ಬಹಳ ಮೆಚ್ಚುಗೆಯಾಯಿತು.

ಒಂಬತ್ತು ಕಡೆಗಳಲ್ಲಿಯೂ ಕಾಯಿಲೆಯ ಮುಖ್ಯ ಲಕ್ಷಣಗಳು ಹೋಲುತ್ತಿದ್ದವು. ಆದರೆ ಎರಡು ವರ್ಷ, ಐದು ವರ್ಷಗಳ ನಂತರ ಅದೇ ರೋಗಿಗಳನ್ನು ಮತ್ತೆ ನೋಡಿದಾಗ ಯಾರೂ ಎಣಿಸದ ಸಂಗತಿ ಎದುರಾಯಿತು. ಆಗ್ರಾ ಮತ್ತು ಇಬಾದಾನ್‌ಗಳಂಥ ಕೇಂದ್ರಗಳ ರೋಗಿಗಳು ಶ್ರೀಮಂತ ನಗರಗಳ ರೋಗಿಗಳಿಗಿಂತ ಒಟ್ಟಾರೆ ಹೆಚ್ಚು ಗುಣಮುಖರಾಗಿದ್ದರು. ಕೂಡುಕುಟುಂಬವೇ ಕಾರಣ, ಹಳ್ಳಿಯ ಬದುಕೇ ಕಾರಣ ಎಂದು ಹಲವರು ಹಲವು ಬಗೆಯಲ್ಲಿ ವಿವರಿಸಿದರು. ಮುಂದಿನ ವರ್ಷಗಳಲ್ಲಿ ಈ ನಿರ್ಣಯವನ್ನೇ ಪ್ರಶ್ನಿಸಿದವರೂ ಇದ್ದಾರೆ, ಚರ್ಚೆ ಮುಗಿದಿಲ್ಲ. ನಮ್ಮ ಸಂಸ್ಕೃತಿಯೇ ಶ್ರೇಷ್ಠವೆಂದು ಭುಜ ತಟ್ಟಿಕೊಳ್ಳಲು ಇದನ್ನು ಬಳಸಿಕೊಳ್ಳಬಾರದೆಂದು ನನಗೆ ತೋರುತ್ತದೆ.

ಇಷ್ಟಾದರೂ ಒಂದು ಮೂಲಭೂತ ಆಕ್ಷೇಪ ಉಳಿದಿತ್ತು. ಪ್ರಶ್ನೆಗಳು ಲಂಡನ್ನಿನವು, ಅನುವಾದ ಮಾತ್ರ ಸ್ಥಳೀಯ. ಹಾರ್ವರ್ಡಿನಲ್ಲಿ ಮುಂದೆ ಪ್ರಸಿದ್ಧರಾದ ಆರ್ಥರ್ ಕ್ಲೈನ್‌ಮನ್ 1977ರಲ್ಲಿ ಈ ದೋಷವನ್ನು ಎತ್ತಿ ತೋರಿಸಿದರು. ಒಂದು ಸಮಾಜದಲ್ಲಿ ತಯಾರಾದ ರೋಗದ ಅಚ್ಚನ್ನು ಇನ್ನೊಂದು ಸಮಾಜಕ್ಕೆ ಒಯ್ದು, ಅದಕ್ಕೆ ಹೊಂದುವವರನ್ನು ಮಾತ್ರ ಆರಿಸಿಕೊಂಡು, ‘ನೋಡಿ, ಇಲ್ಲಿಯೂ ಅದೇ ಇದೆ’ ಎಂದರೆ ಅದು ಸುತ್ತುವಾದವಾಗುತ್ತದೆ. ಅಚ್ಚಿಗೆ ಹೊಂದದವರ ನೋವು ಲೆಕ್ಕಕ್ಕೇ ಬರುವುದಿಲ್ಲ.

ಅವರ ಮಾತಿನ ಅರ್ಥ ಅವರದೇ ಮುಂದಿನ ಕೆಲಸದಿಂದ ಇನ್ನಷ್ಟು ವಿಶದವಾಗುತ್ತದೆ. 1980ರಲ್ಲಿ ಚೀನಾದ ಹುನಾನ್ ಪ್ರಾಂತದ ಚಾಂಗ್‌ಶಾ ನಗರದಲ್ಲಿ ಅವರು ‘ನರದೌರ್ಬಲ್ಯ’ವೆಂದು ವೈದ್ಯರು ಗುರುತಿಸಿದ್ದ 100 ರೋಗಿಗಳನ್ನು ಸಂದರ್ಶಿಸಿದರು. ತಲೆನೋವು, ನಿದ್ರಾಹೀನತೆ, ತಲೆಸುತ್ತು, ನಿಶ್ಶಕ್ತಿ ಇವು ಆ ರೋಗಿಗಳ ದೂರುಗಳು. ಅಮೆರಿಕದ ಮಾನದಂಡದಿಂದ ಅಳೆದಾಗ ಅವರಲ್ಲಿ 87 ಮಂದಿಗೆ ಖಿನ್ನತೆಯ ಕಾಯಿಲೆ ಇತ್ತು. ಹಾಗಾದರೆ ನರದೌರ್ಬಲ್ಯವೆಂಬುದು ಸುಳ್ಳು ಹೆಸರೇ? ಅಷ್ಟು ಸುಲಭವಲ್ಲ. ಆ ರೋಗಿಗಳಲ್ಲಿ ಅನೇಕರು 1966ರಿಂದ 1976ರವರೆಗೆ ನಡೆದ ಸಾಂಸ್ಕೃತಿಕ ಕ್ರಾಂತಿಯ ಬೇಗೆಯಲ್ಲಿ ಬೆಂದವರು. ಆ ಕಾಲದಲ್ಲಿ ‘ನನ್ನ ಮನಸ್ಸಿಗೆ ನೆಮ್ಮದಿಯಿಲ್ಲ’ ಎಂದರೆ ‘ನನಗೆ ಈ ವ್ಯವಸ್ಥೆ ಒಪ್ಪಿಗೆಯಿಲ್ಲ’ ಎಂದಂತಾಗುವ ಭಯವಿತ್ತು. ‘ತಲೆನೋವು’ ಎಂದರೆ ಯಾರ ಅಭ್ಯಂತರವೂ ಇಲ್ಲ. ಖಿನ್ನತೆಯ ಔಷಧಿಯಿಂದ ಹಲವರ ಲಕ್ಷಣಗಳು ತಗ್ಗಿದರೂ ಅವರ ಬದುಕಿನ ಸಂಕಟ ಅದರಿಂದಲೇ ತೀರಲಿಲ್ಲ. ದೇಹದ ಭಾಷೆಯಲ್ಲಿ ಮಾತಾಡುವುದು ಅಜ್ಞಾನವಲ್ಲ, ಎಷ್ಟೋ ವೇಳೆ ಅದು ಜಾಣತನ.

ನಮ್ಮ ನಾಡಿನಲ್ಲಿಯೂ ಇದಕ್ಕೆ ಸಾಕ್ಷಿಯಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ರಘುರಾಂ, ಚನ್ನಬಸವಣ್ಣ ಮತ್ತು ಮಿಚೆಲ್ ವೈಸ್ ಮೊದಲಾದವರು ನಡೆಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮನಸ್ಸಿನ ನೋವನ್ನು ಹೇಳಿಕೊಂಡ ರೋಗಿಗಳಲ್ಲಿ ಕಳಂಕದ ಭಯ ಹೆಚ್ಚಾಗಿತ್ತು. ಮೈಕೈ ನೋವನ್ನು ಹೇಳಿಕೊಂಡವರಲ್ಲಿ ಅದು ಕಡಿಮೆಯಿತ್ತು. ಸೊಂಟನೋವು ಎಲ್ಲರಿಗೂ ಬರುವಂಥದು. ಮನಸ್ಸು ಕೆಟ್ಟಿದೆಯೆಂದರೆ ನಾಲ್ಕು ಜನ ಏನೆಂದಾರು? ‘ಅದನ್ನು ಡಾಕ್ಟರ ಮುಂದೆ ಹೇಳುತ್ತಾರೇನೋ?’ ಎಂದ ಅತ್ತೆಯ ಮಾತಿನ ಹಿಂದೆ ಇದ್ದದ್ದು ಇದೇ.

ಕ್ಲೈನ್‌ಮನ್ ಅವರ ಆಕ್ಷೇಪಕ್ಕೂ ಮೊದಲೇ ಪ್ರಶ್ನಾವಳಿಯನ್ನು ಸ್ಥಳೀಯ ಬದುಕಿನಿಂದಲೇ ಎತ್ತಿಕೊಳ್ಳಲು ಯತ್ನಿಸಿದ ಒಂದು ಅಧ್ಯಯನ ನಮ್ಮ ಕರಾವಳಿಯಲ್ಲಿ ನಡೆದಿತ್ತೆಂಬುದು ನನಗೆ ತಡವಾಗಿ ತಿಳಿಯಿತು. ಸ್ಥಳ ಉಡುಪಿ ಸೀಮೆಯ ಕೋಟ, 1902ರಲ್ಲಿ ಶಿವರಾಮ ಕಾರಂತರು ಹುಟ್ಟಿದ ಊರು. ಎಡಿನ್‌ಬರೋದ ಪ್ರಾಧ್ಯಾಪಕ ಮಾರಿಸ್ ಕಾರ್‌ಸ್ಟೇರ್ಸ್ ಮತ್ತು ಮುಂದೆ ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾದ ಆರ್.ಎಲ್. ಕಪೂರ್ ಅಲ್ಲಿ ಸಮೀಕ್ಷೆ ನಡೆಸಿ 1976ರಲ್ಲಿ ‘ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ’ ಎಂಬ ಗ್ರಂಥವನ್ನು ಹೊರತಂದರು. ಬ್ರಾಹ್ಮಣರು, ಬಂಟರು, ಮೊಗವೀರರು ಈ ಮೂರು ಸಮುದಾಯಗಳ ಮನೆಮನೆಗೆ ಹೋಗಿ ವಿಚಾರಿಸಿದ ಅಧ್ಯಯನವದು. ಭಾರತೀಯ ರೋಗಿಗಳು ನಿಜವಾಗಿ ಹೇಳಿಕೊಳ್ಳುವ ದೂರುಗಳನ್ನು ಆಧರಿಸಿದ ಸಂದರ್ಶನ ಪ್ರಶ್ನಾವಳಿಯನ್ನು ಕಪೂರ್ ದಂಪತಿಗಳು ಮತ್ತು ಕಾರ್‌ಸ್ಟೇರ್ಸ್ 1974ರಲ್ಲಿ ಪ್ರಕಟಿಸಿದ್ದರು. ಆ ದಂಪತಿಗಳಲ್ಲಿ ಮಾಳವಿಕಾ ಕಪೂರ್ ಅವರು ಮನಶ್ಶಾಸ್ತ್ರಜ್ಞೆ, ಶಿವರಾಮ ಕಾರಂತರ ಮಗಳು! ಬದುಕನ್ನು ಹತ್ತಿರದಿಂದ ನೋಡುವ ಗುಣ ಮನೆತನದಲ್ಲಿಯೇ ಬಂದಿತ್ತೆನ್ನೋಣ.

ಮೈಮೇಲೆ ಬರುವುದನ್ನು ಈ ಅಧ್ಯಯನ ಮರೆಯಲಿಲ್ಲ. ಅದನ್ನೆಲ್ಲ ಹುಚ್ಚು ಎಂದು ತಳ್ಳಿಹಾಕಲೂ ಇಲ್ಲ. ಕೋಟದ ಜನ ಸಂಕಟ ಬಂದಾಗ ವೈದ್ಯರಲ್ಲಿಗೂ ಹೋಗುತ್ತಿದ್ದರು, ಮಂತ್ರವಾದಿಯಲ್ಲಿಗೂ ಹೋಗುತ್ತಿದ್ದರು, ದರ್ಶನ ಬರುವ ಪಾತ್ರಿಯ ಬಳಿಗೂ ಹೋಗುತ್ತಿದ್ದರು, ಇಂಗ್ಲಿಷ್ ಔಷಧಿಯನ್ನೂ ತೆಗೆದುಕೊಳ್ಳುತ್ತಿದ್ದರು. ಒಂದನ್ನು ನಂಬಿದರೆ ಇನ್ನೊಂದನ್ನು ಬಿಡಬೇಕೆಂಬ ಹಟ ಅವರಿಗಿರಲಿಲ್ಲ. ಆ ಹಟ ನಮ್ಮಂಥ ಓದಿದವರದು.

ಆದರೆ ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳದಿದ್ದರೆ ನನ್ನ ಕರ್ತವ್ಯಕ್ಕೆ ಲೋಪ ಬಂದೀತು. ಸಂಸ್ಕೃತಿಯನ್ನು ಗೌರವಿಸುವುದೆಂದರೆ ಕಾಯಿಲೆಯನ್ನು ಸಂಸ್ಕೃತಿಯ ಹೆಸರಿನಲ್ಲಿ ಮುಚ್ಚಿಡುವುದಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ಪ್ರಾರ್ಥನೆಯಿಂದ ಗುಣವಾಗಲೆಂದು ಮನೆಯವರು ಬಿಟ್ಟುಹೋಗಿದ್ದ ಮಾನಸಿಕ ರೋಗಿಗಳ ಖಾಸಗಿ ತಂಗುದಾಣಕ್ಕೆ ಬೆಂಕಿ ಬಿದ್ದಿತು. ಅವರನ್ನು ಸರಪಳಿಯಲ್ಲಿ ಕಟ್ಟಿದ್ದರು. ಓಡಲಾಗದೆ 28 ಜನ ಸತ್ತರು. ನಂಬಿಕೆ ಸಮಾಧಾನವನ್ನು ಕೊಡಬಹುದು. ಸರಪಳಿಗೆ ಯಾವ ಸಂಸ್ಕೃತಿಯ ಸಮರ್ಥನೆಯೂ ಇಲ್ಲ. ‘ಅವರ ರೀತಿಯೇ ಹಾಗೆ’ ಎಂದು ಸುಮ್ಮನಾಗುವುದು, ‘ಆಫ್ರಿಕನ್ನರಿಗೆ ಖಿನ್ನತೆಯೇ ಬರುವುದಿಲ್ಲ’ ಎಂದ ಕ್ಯಾರದರ್ಸ್ ಅವರ ಮಾತಿನ ಇನ್ನೊಂದು ಮುಖವಷ್ಟೆ.

ಈ ಎರಡು ತಪ್ಪುಗಳ ನಡುವೆ ದಾರಿಯಿದೆಯೇ? ಇದೆಯೆಂದು ನನಗೆ ಭರವಸೆ ಮೂಡಿಸಿದ್ದು ಜಿಂಬಾಬ್ವೆ ದೇಶದ ಒಂದು ಕೆಲಸ. 1990ರ ದಶಕದಲ್ಲಿ ಮುಂಬಯಿ ಮೂಲದ ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸ್ಥಳೀಯ ಸಂಗಡಿಗರು ಹರಾರೆ ನಗರದಲ್ಲಿ ರೋಗಿಗಳು, ದಾದಿಯರು, ನಾಟಿ ವೈದ್ಯರು ಇವರೆಲ್ಲರ ಮಾತನ್ನು ಮೊದಲು ಆಲಿಸಿದರು. ಜನ ತಮ್ಮ ಶೋನಾ ಭಾಷೆಯಲ್ಲಿ ಸಂಕಟವನ್ನು ಹೇಗೆ ಹೇಳುತ್ತಾರೆಂಬುದನ್ನು ಬರೆದುಕೊಂಡರು. ಆ ಮಾತುಗಳಿಂದಲೇ 14 ಪ್ರಶ್ನೆಗಳ, ಹೌದು-ಇಲ್ಲ ಎಂದು ಉತ್ತರಿಸಬಹುದಾದ ಪ್ರಶ್ನಾವಳಿಯೊಂದನ್ನು ರಚಿಸಿ 1997ರಲ್ಲಿ ಪ್ರಕಟಿಸಿದರು. ಅದರಲ್ಲಿ ಮುಖ್ಯವಾದ ಶೋನಾ ಪದ ‘ಕುಫುಂಗಿಸಿಸಾ’. ಅತಿಯಾಗಿ ಯೋಚಿಸುವುದು ಎಂದು ಅದರ ಅರ್ಥ.

ಈ ಪದವನ್ನು ಓದಿ ನಾನು ಬೆರಗಾದೆ. ಏಕೆಂದರೆ ಇದು ನಮ್ಮ ಕನ್ನಡದ ‘ಯೋಚನೆ’ಯೇ! ಕನ್ನಡದಲ್ಲಿ ಯೋಚನೆಯೆಂದರೆ ಆಲೋಚನೆಯೂ ಹೌದು, ಚಿಂತೆಯೂ ಹೌದು. ‘ಯೋಚನೆ ಮಾಡಬೇಡಿ, ಎಲ್ಲ ಸರಿಹೋಗುತ್ತದೆ’ ಎನ್ನುತ್ತೇವೆ. ‘ಮಗಳ ಮದುವೆಯ ಯೋಚನೆ ಹತ್ತಿದೆ’ ಎನ್ನುತ್ತೇವೆ. ‘ಅವಳು ಯೋಚನೆ ಮಾಡಿ ಮಾಡಿಯೇ ಸೊರಗಿದಳು’ ಎನ್ನುತ್ತೇವೆ. ನಾನು ಅತ್ತೆಗೆ ‘ಖಿನ್ನತೆ’ಯನ್ನು ‘ದುಃಖ’ವೆಂದು ಅನುವಾದಿಸುವ ಬದಲು, ‘ಯೋಚನೆ ಹತ್ತಿದೆಯೇ ಅತ್ತೆ? ರಾತ್ರಿಯೆಲ್ಲ ತಲೆಯಲ್ಲಿ ಅದೇ ಸುತ್ತುತ್ತದೆಯೇ?’ ಎಂದು ಕೇಳಬಹುದಿತ್ತು. ನಿಘಂಟು ನನ್ನ ಕೈಯಲ್ಲಿತ್ತು, ಮನೆಮಾತು ನಾಲಗೆಯಲ್ಲಿರಲಿಲ್ಲ.

ಹರಾರೆಯ ಕಥೆ ಅಲ್ಲಿಗೇ ನಿಲ್ಲುವುದಿಲ್ಲ. ಒಂದು ಕೋಟಿಗೂ ಹೆಚ್ಚು ಜನಸಂಖ್ಯೆಯ ಆ ದೇಶದಲ್ಲಿ ಮನೋವೈದ್ಯರನ್ನು ಬೆರಳಲ್ಲಿ ಎಣಿಸಬಹುದಿತ್ತು. ಅವರಲ್ಲೊಬ್ಬರಾದ ಡಿಕ್ಸನ್ ಚಿಬಾಂಡ 2006ರಲ್ಲಿ ಎಂಬಾರೆ ಎಂಬ ಬಡಾವಣೆಯಲ್ಲಿ 14 ಮಂದಿ ಅಜ್ಜಿಯರಿಗೆ ತರಬೇತಿ ಕೊಟ್ಟರು. ಆರೋಗ್ಯ ಕೇಂದ್ರದ ಅಂಗಳದ ಮರದ ಬೆಂಚಿನ ಮೇಲೆ ಕುಳಿತು, ಆ 14 ಪ್ರಶ್ನೆಗಳನ್ನು ಕೇಳಿ, ಬಂದವರ ಕಷ್ಟವನ್ನು ಆಲಿಸಿ, ಒಂದೊಂದೇ ತೊಡಕನ್ನು ಬಿಡಿಸಲು ನೆರವಾಗುವುದು ಅವರ ಕೆಲಸ. ಮೊದಲು ಅದನ್ನು ಮಾನಸಿಕ ಆರೋಗ್ಯದ ಬೆಂಚು ಎಂದು ಕರೆದಾಗ ಜನ ಹತ್ತಿರ ಸುಳಿಯಲಿಲ್ಲ. ಅಜ್ಜಿಯರ ಸಲಹೆಯಂತೆ ‘ಸ್ನೇಹದ ಬೆಂಚು’ ಎಂದಾಗ ಬಂದು ಕುಳಿತರು. ಹೆಸರಿನ ಮಹಿಮೆ ನೋಡಿ! ಮುಂದೆ 24 ಆರೋಗ್ಯ ಕೇಂದ್ರಗಳಲ್ಲಿ 573 ಜನರನ್ನು ಸೇರಿಸಿ ನಡೆಸಿದ ಶಾಸ್ತ್ರೀಯ ಪರೀಕ್ಷೆ 2016ರಲ್ಲಿ ಪ್ರಕಟವಾಯಿತು. ಆರು ತಿಂಗಳ ನಂತರ, ಬೆಂಚಿನ ನೆರವು ಪಡೆದವರ ಸ್ಥಿತಿ ಎಂದಿನ ಚಿಕಿತ್ಸೆ ಪಡೆದವರ ಸ್ಥಿತಿಗಿಂತ ಸ್ಪಷ್ಟವಾಗಿ ಉತ್ತಮವಾಗಿತ್ತು.

ಅಮೆರಿಕದ ಮನೋವೈದ್ಯ ಸಂಘವೂ ತನ್ನ ರೋಗಕೈಪಿಡಿಯ 2013ರ ಆವೃತ್ತಿಯಲ್ಲಿ ‘ಕುಫುಂಗಿಸಿಸಾ’ ಪದಕ್ಕೆ ಸ್ಥಾನ ಕೊಟ್ಟಿತು. ಅದೇ ಆವೃತ್ತಿಯಲ್ಲಿ ವೈದ್ಯರಿಗಾಗಿ 16 ಪ್ರಶ್ನೆಗಳ ಸಂದರ್ಶನ ಕ್ರಮವೊಂದನ್ನು ಸೇರಿಸಿತು. ಅದನ್ನು ಭಾರತವೂ ಸೇರಿದಂತೆ ಆರು ದೇಶಗಳಲ್ಲಿ ಪರೀಕ್ಷಿಸಲಾಗಿತ್ತು. ಅದರ ತಿರುಳು ಸರಳ. ನಿಮ್ಮ ತೊಂದರೆಯನ್ನು ನೀವು ಏನೆಂದು ಕರೆಯುತ್ತೀರಿ, ನಿಮ್ಮ ಮನೆಯವರು ಏನೆನ್ನುತ್ತಾರೆ, ಅದು ಯಾವುದರಿಂದ ಬಂತೆಂದು ನಿಮಗೆ ತೋರುತ್ತದೆ, ಇದುವರೆಗೆ ಯಾರ ನೆರವು ಪಡೆದಿರಿ ಎಂಬಂಥ ವಿಚಾರಣೆ. ಕ್ರೇಪಲಿನ್ ಜಾವಾಕ್ಕೆ ಹೋದ 109 ವರ್ಷಗಳ ನಂತರ ರೋಗಿಯ ಮಾತಿಗೆ ಕೈಪಿಡಿಯಲ್ಲಿ ಅಧಿಕೃತ ಜಾಗ ಸಿಕ್ಕಿತು.

ಇನ್ನು ಅತ್ತೆಯ ಕಥೆಯ ಉಳಿದ ಭಾಗ. ಎರಡು ವರ್ಷಗಳ ನಂತರ ಬೇರೊಂದು ಊರಿನಲ್ಲಿ ಒಬ್ಬ ತರುಣ ವೈದ್ಯೆಗೆ ಅವರನ್ನು ತೋರಿಸಿದೆವು. ಆಕೆ ನನ್ನನ್ನು ಹೊರಗೆ ಕೂರಿಸಿದರು. ಬಾಗಿಲು ಅರ್ಧ ತೆರೆದಿದ್ದುದರಿಂದ ಮಾತು ಕೇಳಿಸುತ್ತಿತ್ತು. ‘ಅಮ್ಮಾ, ಬೆಳಗಿನ ಜಾವ ಎಷ್ಟು ಹೊತ್ತಿಗೆ ಎಚ್ಚರವಾಗುತ್ತದೆ? ಎದ್ದ ಕೂಡಲೇ ಏನು ಅನ್ನಿಸುತ್ತದೆ? ಮೊದಲು ಯಾವ ಕೆಲಸ ಇಷ್ಟವಾಗುತ್ತಿತ್ತು, ಈಗಲೂ ಮಾಡುತ್ತೀರಾ?’ ಎಂದು ಕೇಳಿದರು. ಬಹಳ ಹೊತ್ತು ಮೌನ. ಆಮೇಲೆ ಅತ್ತೆಯ ದನಿ: ‘ಮೂರು ಗಂಟೆಗೇ ಎಚ್ಚರ ಆಗುತ್ತದಮ್ಮ. ಇವತ್ತಿನ ದಿನ ಯಾಕಾದರೂ ಹುಟ್ಟಿತೋ ಅನ್ನಿಸುತ್ತದೆ. ಮಲ್ಲಿಗೆ ಗಿಡಕ್ಕೆ ನೀರು ಹಾಕುವುದನ್ನೂ ಬಿಟ್ಟುಬಿಟ್ಟೆ.’ ಎರಡು ವರ್ಷ ಒಂದೇ ಸೂರಿನಡಿ ಇದ್ದೂ, ಹಿತ್ತಲಿನಲ್ಲಿ ಮಲ್ಲಿಗೆ ಗಿಡ ಒಣಗಿದ್ದನ್ನು ನೋಡಿಯೂ, ನಾನು ಕೇಳದಿದ್ದ ಪ್ರಶ್ನೆ ಅದು.

ಔಷಧಿ, ವಾರಕ್ಕೊಮ್ಮೆ ಆ ವೈದ್ಯೆಯೊಡನೆ ಮಾತು, ಇವುಗಳಿಂದ ಅತ್ತೆ ಕೆಲವು ತಿಂಗಳಲ್ಲಿ ಚೇತರಿಸಿಕೊಂಡರು. ಆಮೇಲೆ ಬಹಳ ವರ್ಷ ಬದುಕಿದರು. ‘ಎದೆಯುರಿ ಹೋಯಿತು ಕಣೋ’ ಎನ್ನುತ್ತಿದ್ದರೇ ಹೊರತು ಖಿನ್ನತೆಯೆಂಬ ಶಬ್ದವನ್ನು ಕೊನೆಯವರೆಗೂ ಬಳಸಲಿಲ್ಲ. ಬಳಸಬೇಕಾಗಿಯೂ ಇರಲಿಲ್ಲ. ಕಳೆದುಹೋದ ಆ ಎರಡು ವರ್ಷಗಳಿಗಾಗಿ ಅವರು ನನ್ನನ್ನು ಒಮ್ಮೆಯೂ ಆಕ್ಷೇಪಿಸಲಿಲ್ಲ. ಅದು ಅವರ ದೊಡ್ಡತನ.

ನನ್ನ ವಿದ್ಯಾರ್ಥಿಗಳಲ್ಲಿ ವೈದ್ಯರಾದವರಿದ್ದೀರಿ, ದಾದಿಯರಾದವರಿದ್ದೀರಿ, ದೂರದೇಶಗಳಲ್ಲಿ ನೆಲೆಸಿ ವಯಸ್ಸಾದ ತಂದೆತಾಯಿಯರನ್ನು ಅಲ್ಲಿನ ಆಸ್ಪತ್ರೆಗೆ ಕರೆದೊಯ್ದು ನಡುವೆ ಕುಳಿತು ಅನುವಾದ ಮಾಡುವವರೂ ಇದ್ದೀರಿ. ನನ್ನ ಕೋರಿಕೆ ಇಷ್ಟು: ವೈದ್ಯರ ಶಬ್ದವನ್ನು ಹಾಗೆಯೇ ದಾಟಿಸಿ, ಬಂದ ‘ಇಲ್ಲ’ವನ್ನು ಹಾಗೆಯೇ ಹಿಂದಿರುಗಿಸಬೇಡಿ. ನಿದ್ದೆಯನ್ನು ಕೇಳಿ, ಹಸಿವನ್ನು ಕೇಳಿ, ಬೆಳಗಿನ ಹೊತ್ತನ್ನು ಕೇಳಿ, ಬಿಟ್ಟುಹೋದ ಇಷ್ಟದ ಕೆಲಸವನ್ನು ಕೇಳಿ. ನಮ್ಮ ದೇಶದಲ್ಲಿ 2022ರ ಅಕ್ಟೋಬರಿನಲ್ಲಿ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತಾಡಬಹುದು. ಅದನ್ನೂ ಗುರುತು ಹಾಕಿಟ್ಟುಕೊಳ್ಳಿ.

ನಿಮ್ಮ ಮನೆಯ ಹಿರಿಯರು ಮನಸ್ಸಿನ ಸಂಕಟವನ್ನು ಯಾವ ಯಾವ ಮಾತುಗಳಲ್ಲಿ ಹೇಳುತ್ತಿದ್ದರೆಂಬುದು ನೆನಪಿದ್ದರೆ ಬರೆದು ತಿಳಿಸಿ. ಮಂಕು ಕವಿಯುವುದು, ಜೀವ ಹಿಂಡುವುದು, ಎದೆ ಡವಗುಟ್ಟುವುದು, ಯಾತರಲ್ಲೂ ಮನಸ್ಸಿಲ್ಲದಿರುವುದು ಹೀಗೆ ಒಂದು ಪಟ್ಟಿಯನ್ನು ನಾನು ಆರಂಭಿಸಿದ್ದೇನೆ. ಊರೂರಿಗೂ ಬೇರೆಯಾದ ಆ ಮಾತುಗಳು ನಮ್ಮ ನಿಘಂಟುಗಳಲ್ಲಿ ಇಲ್ಲದಿದ್ದರೂ ಎಂದಾದರೊಂದು ದಿನ ಯಾರದಾದರೂ ಪ್ರಶ್ನೆಪತ್ರಿಕೆಗೆ ಬೇಕಾದಾವು.